ಮಕ್ಕಳಿಲ್ಲದ ಸೇನಾಪತಿ ಕಟ್ಟಿಸಿದ ಮನೆ: ವಿಯೆನ್ನಾದ ಬೆಲ್ವೆಡೇರ್‌ನಲ್ಲಿ ಒಂದು ದಿನ

ಮ್ಯೂನಿಕ್‌ನಿಂದ ವಿಯೆನ್ನಾಗೆ ರೈಲಲ್ಲಿ ನಾಲ್ಕು ಗಂಟೆ ದಾರಿ. ಸಂಜೆ ಸ್ಟೇಷನ್‌ನಲ್ಲಿ ಇಳಿದು ಕಾಫಿ ತಗೊಂಡ್ವಿ, ಚಿಲ್ಲರೆ ವಾಪಸ್ ಬಂದಾಗ ಮಗ ಅದರಲ್ಲಿ ಒಂದು 20 ಸೆಂಟ್ ನಾಣ್ಯ ಆರಿಸಿ ನನ್ನ ಕೈಲಿಟ್ಟು "ಅಮ್ಮ, ನಾಳೆ ಹೋಗೋದು ಇಲ್ಲಿಗೇ ನೋಡು" ಅಂದ. ನಾಣ್ಯದ ಮೇಲೆ ಒಂದು ಗೇಟು, ಅದರ ಹಿಂದೆ ಅರಮನೆ. ಯೂರೋ ನಾಣ್ಯಕ್ಕೆ ಒಂದು ಪಕ್ಕ ಎಲ್ಲಾ ದೇಶಕ್ಕೂ ಒಂದೇ, ಇನ್ನೊಂದು ಪಕ್ಕ ಆಯಾ ದೇಶದ್ದು ಅಂತೆ, ಆಸ್ಟ್ರಿಯಾದವರು 20 ಸೆಂಟ್‌ಗೆ ಬೆಲ್ವೆಡೇರ್ ಹಾಕಿದಾರೆ. ಆ ನಾಣ್ಯ ಖರ್ಚು ಮಾಡ್ಲಿಲ್ಲ, ಈಗಲೂ ನನ್ನ ಪರ್ಸಲ್ಲಿದೆ.

ಮಾರನೇ ದಿನ ಬೆಳಿಗ್ಗೆ 71ನೇ ನಂಬರ್ ಟ್ರಾಮ್ ಹಿಡಿದು ಕೆಳಗಿನ ಗೇಟಿನ ಹತ್ರ ಇಳಿದ್ವಿ. ಬೆಲ್ವೆಡೇರ್ ಅಂದ್ರೆ ಒಂದು ಅರಮನೆ ಅಲ್ಲ, ಎರಡು. ಇಳಿಜಾರಿನ ಬುಡದಲ್ಲಿ ಒಂದು, ನೆತ್ತಿ ಮೇಲೆ ಇನ್ನೊಂದು, ಮಧ್ಯೆ ಉದ್ದಕ್ಕೆ ತೋಟ. ತುಂಬಾ ಜನ ಮೇಲಿನ ಅರಮನೆಗೆ ನೇರ ಹೋಗಿ ಕ್ಲಿಮ್ಟ್ ಅನ್ನೋ ಆಸ್ಟ್ರಿಯಾದ ಕಲಾವಿದನ ಚಿತ್ರ ನೋಡಿ ಫೋಟೋ ತಕ್ಕೊಂಡು ಹೊರಟುಬಿಡ್ತಾರೆ. ನನಗೆ ಕೇಳಿದ್ರೆ ಕೆಳಗಿಂದ ಶುರು ಮಾಡಿ ಅಂತೀನಿ, ಯಾಕಂದ್ರೆ ಕಟ್ಟಿಸಿದವನು ಬದುಕಿದ್ದು ಕೆಳಗಿನ ಮನೇಲಿ, ಮೇಲಿನದ್ದು ಬಂದವರನ್ನ ಬರಮಾಡಿಕೊಳ್ಳೋಕೆ, ಅದ್ದೂರಿ ಸಮಾರಂಭಕ್ಕೆ.

ಕಟ್ಟಿಸಿದವನು ಸವಾಯ್ ಮನೆತನದ ರಾಜಕುಮಾರ ಯೂಜೀನ್. 1663ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು. ಆಳು ಸಣ್ಣ, ನೋಡೋಕೂ ಚೆನ್ನಾಗಿರಲಿಲ್ವಂತೆ, ಮನೆಯವರು ಇವನನ್ನ ಪಾದ್ರಿ ಮಾಡ್ಬೇಕು ಅಂತಿದ್ರು, ಇವನಿಗೆ ಮಾತ್ರ ಸೈನ್ಯದ ಹುಚ್ಚು. ಫ್ರಾನ್ಸಿನ ರಾಜ 14ನೇ ಲೂಯಿ ಹತ್ರ ಹೋಗಿ ಕೆಲಸ ಕೇಳಿದ್ರೆ ಆಗಲ್ಲ ಅಂದ. 1683, ಹುಡುಗನಿಗೆ 19 ವರ್ಷ. ಅಲ್ಲಿಂದ ಓಡಿಬಂದು ಆಸ್ಟ್ರಿಯಾದ ಚಕ್ರವರ್ತಿ ಸೈನ್ಯ ಸೇರಿಕೊಂಡ. ಅದೇ ವರ್ಷ ಒಟ್ಟೋಮನ್ ತುರ್ಕರು ವಿಯೆನ್ನಾಗೆ ಮುತ್ತಿಗೆ ಹಾಕಿದ್ರು, ಆ ಮುತ್ತಿಗೆ ಬಿಡಿಸಿದ ಯುದ್ಧದಲ್ಲೇ ಇವನು ಕತ್ತಿ ಹಿಡಿದಿದ್ದು. 1697ರಲ್ಲಿ ಜೆಂಟಾ ಅನ್ನೋ ಜಾಗದಲ್ಲಿ ಒಟ್ಟೋಮನ್ ಸೈನ್ಯವನ್ನ ಸೋಲಿಸಿ ದೊಡ್ಡ ಹೆಸರು ಮಾಡಿದ, ಅದೇ ವರ್ಷ ಊರಾಚೆಯ ಈ ಇಳಿಜಾರು ಜಾಗ ಕೊಂಡ. ಬೇಡ ಅಂದ ಲೂಯಿ ಮುಂದೆ ಎಷ್ಟೋ ವರ್ಷ ಇದೇ ಹುಡುಗನ ಕೈಲಿ ಯುದ್ಧದಲ್ಲಿ ಪೆಟ್ಟು ತಿಂದ.

ವಾಸ್ತುಶಿಲ್ಪಿ ಯೊಹಾನ್ ಲೂಕಾಸ್ ಫಾನ್ ಹಿಲ್ಡೆಬ್ರಾಂಟ್, ಜಿನೋವಾದಲ್ಲಿ ಹುಟ್ಟಿದವನು. ಕೆಳಗಿನ ಅರಮನೆ 1716ರ ಹೊತ್ತಿಗೆ ಆಯ್ತು, ಮೇಲಿನದ್ದು 1717ರಿಂದ 1723. ಕೆಳಗಿನ ಅರಮನೆ ಒಳಗೆ ಹೋದ್ರೆ ಮಾರ್ಬಲ್ ಹಾಲ್, ತಲೆ ಎತ್ತಿದ್ರೆ ಛಾವಣಿ ತುಂಬಾ ಆಲ್ಟೊಮೊಂಟೆ ಬರೆದ ಚಿತ್ರ, ಆಮೇಲೆ ಒಂದು ಚಿನ್ನದ ಕೋಣೆ, ಎದುರುಬದುರು ಕನ್ನಡಿ ಇಟ್ಟಿದಾರೆ, ಒಂದು ಕನ್ನಡಿಯೊಳಗೆ ಇನ್ನೊಂದು ಕೋಣೆ ಅದರೊಳಗೆ ಮತ್ತೊಂದು, ನನ್ನ ಸೀರೆ ಅಂಚು ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ. ಯುರೋಪಿನ ಆ ಕಾಲದ ಅದ್ದೂರಿ ಶೈಲಿಗೆ ಬರೋಕ್ ಅಂತಾರಲ್ಲ, ಅದು ಅಂದ್ರೆ ಇದೇ ಅಂತ ನನಗೆ ಅರ್ಥ ಆಗಿದ್ದು ಅಲ್ಲಿ. ಗೋಡೆ ಗೋಡೆ ಥರ ಇರಲ್ಲ, ಅಲುಗ್ತಿದೆ ಅನ್ಸುತ್ತೆ, ಸೂರು ಸೂರಿನ ಥರ ಇರಲ್ಲ, ಆಕಾಶ ತೆರ್ಕೊಂಡ ಹಾಗಿರುತ್ತೆ.

ಅದಕ್ಕಿಂತ ಹೆಚ್ಚು ನನ್ನನ್ನ ನಿಲ್ಲಿಸಿದ್ದು ಮಾರ್ಬಲ್ ಗ್ಯಾಲರಿ. ಯೂಜೀನ್ ಕಾಲದಲ್ಲಿ ಇಲ್ಲಿ ಮೂರು ಹೆಂಗಸರ ಪ್ರತಿಮೆ ಇದ್ವು, ಇಟಲಿಯ ಹರ್ಕ್ಯುಲೇನಿಯಂನಲ್ಲಿ ಮಣ್ಣಲ್ಲಿ ಹೂತು ಸಿಕ್ಕಿದ್ದ ರೋಮನ್ ಕಾಲದವು, ಅವನಿಗೆ ಉಡುಗೊರೆಯಾಗಿ ಬಂದಿದ್ದು. ಈಗ ಅವು ಇಲ್ಲಿಲ್ಲ, ಜರ್ಮನಿಯ ಡ್ರೆಸ್ಡನ್‌ನಲ್ಲಿವೆ. ಯಾಕೆ ಅಂದ್ರೆ ಯೂಜೀನ್ ಮದುವೆ ಆಗ್ಲಿಲ್ಲ, ಮಕ್ಕಳಿಲ್ಲ, ಉಯಿಲೂ ಬರೀಲಿಲ್ಲ. 1736ರ ಏಪ್ರಿಲ್ 21ಕ್ಕೆ ಊರೊಳಗಿನ ಇನ್ನೊಂದು ಮನೇಲಿ ತೀರ್ಕೊಂಡ. ಅವನು ಸಾಕಿದ್ದ ಸಿಂಹ ಅವತ್ತು ರಾತ್ರಿ ಇಲ್ಲಿ ಗರ್ಜಿಸ್ತು ಅಂತ ವಿಯೆನ್ನಾದಲ್ಲಿ ಕಥೆ ಹೇಳ್ತಾರೆ. ಆಸ್ತಿಯೆಲ್ಲಾ ಅಣ್ಣನ ಮಗಳು ವಿಕ್ಟೋರಿಯಾಗೆ ಹೋಯ್ತು, ಅವಳು ಒಂದೊಂದಾಗಿ ಮಾರಿದಳು. ಪ್ರತಿಮೆಗಳು ಡ್ರೆಸ್ಡನ್‌ಗೆ, ಚಿತ್ರಗಳು ಟುರಿನ್‌ಗೆ, ಸುಮಾರು 15,000 ಪುಸ್ತಕಗಳು ಚಕ್ರವರ್ತಿಯ ಗ್ರಂಥಾಲಯಕ್ಕೆ. ಪುಸ್ತಕಗಳು ಮಾತ್ರ ಒಟ್ಟಿಗೇ ಉಳಿದ್ವು, ಅವನ್ನ ಇವತ್ತೂ ವಿಯೆನ್ನಾದ ನ್ಯಾಷನಲ್ ಲೈಬ್ರರಿಯ ದೊಡ್ಡ ಹಾಲ್‌ನಲ್ಲಿ ನೋಡಬಹುದು. ಕಟ್ಟಡಗಳನ್ನ 1752ರಲ್ಲಿ ಮಹಾರಾಣಿ ಮರಿಯಾ ಥೆರೇಸಾ ಕೊಂಡಳು. ಬೆಲ್ವೆಡೇರ್, ಅಂದ್ರೆ ಚಂದದ ನೋಟ, ಅನ್ನೋ ಹೆಸರು ಕಾಣಿಸ್ಕೊಳ್ಳೋದೇ ಆ ಕಾಲದಲ್ಲಿ. ಅಂದ್ರೆ ಕಟ್ಟಿಸಿದವನು ಈ ಹೆಸರಲ್ಲಿ ತನ್ನ ಮನೇನ ಕರೆದೇ ಇರಲಿಕ್ಕಿಲ್ಲ.

ಒಬ್ಬ ಮನುಷ್ಯ ಜೀವಮಾನ ಪೂರ್ತಿ ಆರಿಸಿ ಆರಿಸಿ ಕೂಡಿಟ್ಟಿದ್ದು ಹೀಗೆ ಚೆಲ್ಲಾಪಿಲ್ಲಿ ಆಯ್ತಲ್ಲ ಅಂತ ಮನಸ್ಸು ಪಿಚ್ಚೆನಿಸ್ತು. ಅದೇ ಯೋಚನೆಯಲ್ಲಿ ತೋಟಕ್ಕೆ ಬಂದ್ವಿ.

ಮೇ ತಿಂಗಳು, ಬಿಸಿಲು ಹಿತವಾಗಿತ್ತು. ತೋಟಕ್ಕೆ ಟಿಕೆಟ್ ಇಲ್ಲ, ಊರಿನವರು ಮಗುನ ತಳ್ಳೋಗಾಡಿ ತಗೊಂಡು ಬರ್ತಾರೆ, ವಯಸ್ಸಾದವರು ಬೆಂಚಲ್ಲಿ ಪೇಪರ್ ಓದ್ತಾ ಕೂತಿರ್ತಾರೆ. ತೋಟ ಮಾಡಿದವನು ಡೊಮಿನಿಕ್ ಜಿರಾರ್ ಅನ್ನೋ ಫ್ರೆಂಚ್‌ನವನು, ವರ್ಸೈನಲ್ಲಿ ಪಳಗಿದ ಕೈ. ಹಿಂದಿನ ವಾರ ಮ್ಯೂನಿಕ್‌ನಲ್ಲಿ ಮಗ ನಮ್ಮನ್ನ ನಿಂಫೆನ್‌ಬರ್ಗ್ ಅರಮನೆ ತೋಟಕ್ಕೆ ಕರ್ಕೊಂಡು ಹೋಗಿದ್ದ, ಅಲ್ಲೂ ಕೆಲಸ ಮಾಡಿದ್ದು ಇದೇ ಜಿರಾರ್ ಅಂತ ಗೊತ್ತಾದಾಗ ಪರಿಚಯದವರ ಮನೆಗೆ ಬಂದ ಹಾಗಾಯ್ತು. ನೀರಿನ ಕೆಲಸದಲ್ಲಿ ಅವನು ನಿಸ್ಸೀಮ. ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುತ್ತೆ, ನಾವು ಹತ್ತಬೇಕು. ನಡುನಡುವೆ ಹೆಣ್ಣು ಮುಖ, ಸಿಂಹದ ಮೈಯ ಸ್ಫಿಂಕ್ಸ್‌ಗಳು. ಕೆಳಗಿನ ಭಾಗದಿಂದ ಮೇಲೆ ಹತ್ತೋದು ಅಂದ್ರೆ ಪಾತಾಳದಿಂದ ದೇವತೆಗಳ ಬೆಟ್ಟಕ್ಕೆ ಹತ್ತಿದ ಹಾಗೆ ಅನ್ನೋ ಕಲ್ಪನೆ ಇಟ್ಟು ಮಾಡಿದ್ದು. ನಮ್ಮ ಮನೆಯವರಿಗೆ ಮಂಡಿ ನೋವು, ಎರಡು ಕಡೆ ಕೂತು ಎದ್ದು ಬಂದ್ರು. ಹಾಗೆ ನಿಧಾನ ಮಾಡಿದ್ದೇ ಒಳ್ಳೇದಾಯ್ತು, ಮೇಲಿನ ಅರಮನೆ ಒಂದೊಂದು ಹಂತಕ್ಕೂ ಸ್ವಲ್ಪ ಸ್ವಲ್ಪವೇ ಮೇಲೇಳುತ್ತೆ. ಅದರ ಹಸಿರು ಸೂರು ತುರ್ಕರ ಡೇರೆಗಳ ಸಾಲಿನ ಹಾಗಿದೆ ಅಂತ ಹೇಳ್ತಾರೆ, ನನಗೂ ಹಾಗೇ ಕಾಣ್ತು.

ಮೇಲಿನ ಅರಮನೆಗೆ ಟೈಮ್ ಹಾಕಿದ ಟಿಕೆಟ್, ಮೊದಲೇ ಆನ್‌ಲೈನ್ ತಗೊಳ್ಳಿ. ಒಳಗೆ ಕಾಲಿಟ್ಟ ತಕ್ಷಣ ನಾಲ್ಕು ದೈತ್ಯರು ಹೆಗಲ ಮೇಲೆ ಛಾವಣಿ ಹೊತ್ಕೊಂಡು ನಿಂತಿರ್ತಾರೆ. ಬರೀ ಶೃಂಗಾರ ಅಂದ್ಕೊಂಡಿದ್ದೆ. ಅಲ್ಲ, ಕಟ್ಟಿ ಹತ್ತು ವರ್ಷಕ್ಕೆ ಆ ಛಾವಣಿ ಕುಸಿಯೋ ಹಾಗಾಗಿತ್ತಂತೆ, 1730ರ ದಶಕದಲ್ಲಿ ಕಂಬ ಕೊಡಬೇಕಾಯ್ತು, ಕಂಬದ ಬದಲು ಲೊರೆಂಜೊ ಮಟ್ಟಿಯೆಲ್ಲಿ ಈ ದೈತ್ಯರನ್ನ ಕೆತ್ತಿದ. ಅವರ ಮೈಯ ನರ, ಮುಖದ ಮೇಲಿನ ಭಾರ ನೋಡಿ, ನಿಜವಾಗ್ಲೂ ಹೊತ್ತಿದಾರೆ ಅವರು.

ಮೆಟ್ಟಿಲು ಹತ್ತಿದ್ರೆ ಕೆಂಪು ಅಮೃತಶಿಲೆಯ ದೊಡ್ಡ ಹಾಲ್, ಮೇಲೆ ಕಾರ್ಲೋನೆ ಅನ್ನೋ ಕಲಾವಿದ ಬರೆದ ಚಿತ್ರ. ಇಲ್ಲಿ ನಾನು ತುಂಬಾ ಹೊತ್ತು ನಿಂತೆ. 1938ರಲ್ಲಿ ಮತ್ತೆ 1940ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿಯ ವಿದೇಶಾಂಗ ಮಂತ್ರಿಗಳು ಬೆಲ್ವೆಡೇರ್‌ನಲ್ಲಿ ಕೂತು ಮೊದಲು ಚೆಕೊಸ್ಲೊವಾಕಿಯಾದ, ಆಮೇಲೆ ರೊಮೇನಿಯಾದ ನೆಲ ಕುಯ್ದು ಹಂಗೇರಿಗೆ ಕೊಟ್ಟಿದ್ರು. ಯುದ್ಧದ ಕೊನೆಗೆ ಈ ಕಟ್ಟಡಕ್ಕೂ ಬಾಂಬು ಬಿತ್ತು. ಅದನ್ನ ರಿಪೇರಿ ಮಾಡಿ, 1955ರ ಮೇ 15ಕ್ಕೆ ಇದೇ ಕೆಂಪು ಹಾಲ್‌ನಲ್ಲಿ, ಯುದ್ಧ ಮುಗಿದ ಮೇಲೆ ಆಸ್ಟ್ರಿಯಾನ ಹಂಚಿಕೊಂಡು ಆಳ್ತಿದ್ದ ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್ ನಾಲ್ಕೂ ದೇಶದವರು ಆಸ್ಟ್ರಿಯಾ ಬಿಟ್ಟು ಹೋಗ್ತೀವಿ ಅಂತ ಸಹಿ ಹಾಕಿದ್ರು. ವಿದೇಶಾಂಗ ಮಂತ್ರಿ ಲಿಯೋಪೊಲ್ಡ್ ಫಿಗ್ಲ್ "ಆಸ್ಟ್ರಿಯಾ ಸ್ವತಂತ್ರವಾಗಿದೆ" ಅಂದ್ರು, ಆಮೇಲೆ ಬಾಲ್ಕನಿಗೆ ಬಂದು ಸಹಿ ಮಾಡಿದ ಪತ್ರ ಎತ್ತಿ ತೋರಿಸಿದ್ರು, ಕೆಳಗೆ ತೋಟದ ತುಂಬಾ ಜನ. ಆ ಬಾಲ್ಕನಿ ಬಾಗಿಲ ಗಾಜಿಗೆ ಮುಖ ಇಟ್ಟು ಕೆಳಗೆ ನೋಡಿದ್ರೆ ಈಗ ತಾನೇ ಹತ್ತಿಬಂದ ದಾರಿ.

ಇನ್ನು ಮ್ಯೂಸಿಯಂ ಆಗಿದ್ದು ಹೇಗೆ ಅಂತ. ಮರಿಯಾ ಥೆರೇಸಾ ಮತ್ತು ಅವಳ ಮಗ ಎರಡನೇ ಜೋಸೆಫ್ 1776ರ ಸುಮಾರಿಗೆ ರಾಜಮನೆತನದ ಚಿತ್ರಗಳನ್ನೆಲ್ಲಾ ಇಲ್ಲಿಗೆ ತರಿಸಿದ್ರು, 1781ರಲ್ಲಿ, ಅವಳು ತೀರ್ಕೊಂಡ ಮೇಲೆ, ಜನರಿಗೆ ಬಾಗಿಲು ತೆರೀತು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಶುರುವಾಗೋಕೆ ಇನ್ನೂ 12 ವರ್ಷ ಇತ್ತು ಆಗ. ಬಾಸೆಲ್‌ನಿಂದ ಬಂದ ಕ್ರಿಸ್ಟಿಯಾನ್ ಫಾನ್ ಮೆಚೆಲ್ ಅನ್ನೋನು ಚಿತ್ರಗಳನ್ನ ಹೊಸ ಥರ ತೂಗುಹಾಕಿದ. ಅಲ್ಲಿವರೆಗೆ ಅರಮನೆ ಗೋಡೆ ತುಂಬಿಸೋಕೆ, ಅಂದ ಕಾಣೋಕೆ ಚಿತ್ರ ಹಾಕ್ತಿದ್ರು. ಇವನು ಇಟಲಿಯವರು ಒಂದು ಕಡೆ, ನೆದರ್ಲೆಂಡ್ಸ್‌ನವರು ಒಂದು ಕಡೆ, ಅದರಲ್ಲೂ ಹಳೇದು ಮೊದಲು ಹೊಸದು ಆಮೇಲೆ ಅಂತ ಜೋಡಿಸಿದ. ಇವತ್ತು ಯಾವ ಮ್ಯೂಸಿಯಂಗೆ ಹೋದ್ರೂ ನಾವು ನೋಡೋದು ಹೀಗೇ ಅಲ್ವಾ. ಮೈಸೂರಿನವಳಾಗಿ ಅರಮನೆ ಗ್ಯಾಲರಿ ಆಗೋದು ನನಗೆ ಹೊಸದಲ್ಲ, ಚಿಕ್ಕಂದಿನಲ್ಲಿ ಅಪ್ಪ ಜಗನ್ಮೋಹನ ಅರಮನೆಗೆ ಕರ್ಕೊಂಡು ಹೋಗಿ ರವಿವರ್ಮನ ಚಿತ್ರ ತೋರಿಸ್ತಿದ್ರು. ಅದೂ ರಾಜರ ಮನೆಯೇ, 1915ರಲ್ಲಿ ಚಿತ್ರಶಾಲೆ ಆಗಿದ್ದು.

1891ರಲ್ಲಿ ಆ ರಾಜಮನೆತನದ ಚಿತ್ರಗಳು ಹೊಸದಾಗಿ ಕಟ್ಟಿದ ದೊಡ್ಡ ಮ್ಯೂಸಿಯಂಗೆ ಹೋದ್ವು, ಅರಮನೆ ಮತ್ತೆ ಖಾಲಿ. ಆಮೇಲೆ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಸಂಸಾರ ಇಲ್ಲಿತ್ತು, 1914ರ ಜೂನ್‌ನಲ್ಲಿ ಸರಯೇವೊದಲ್ಲಿ ಗುಂಡಿಗೆ ಸತ್ತನಲ್ಲ, ಮೊದಲ ಮಹಾಯುದ್ಧ ಶುರುವಾಯ್ತಲ್ಲ, ಅವನೇ. ಆ ಮಧ್ಯೆ 1903ರಲ್ಲಿ ಕೆಳಗಿನ ಅರಮನೇಲಿ ಆಧುನಿಕ ಕಲೆಯ ಗ್ಯಾಲರಿ ತೆರೆದ್ರು. ಇವತ್ತಿನ ಮ್ಯೂಸಿಯಂ ಬೆಳೆದಿದ್ದು ಅದರಿಂದ.

ಆ ಗ್ಯಾಲರಿಗೆ ಅಂತಾನೇ 1908ರಲ್ಲಿ ಸರ್ಕಾರ 25,000 ಕ್ರೌನ್ ಕೊಟ್ಟು ಕೊಂಡಿದ್ದು ಗುಸ್ಟಾವ್ ಕ್ಲಿಮ್ಟ್‌ನ 'ಮುತ್ತು', ಅಂದ್ರೆ ಚುಂಬನ, ತಬ್ಕೊಂಡಿರೋ ಗಂಡು ಹೆಣ್ಣಿನ ಚಿನ್ನದ ಚಿತ್ರ. ಆಗ ಚಿತ್ರ ಪೂರ್ತಿ ಮುಗಿದೂ ಇರಲಿಲ್ಲ. ಒಂದು ಮೀಟರ್ 80 ಸೆಂಟಿಮೀಟರ್, ನಾಲ್ಕೂ ಕಡೆ ಒಂದೇ ಅಳತೆ. ಮುಂದೆ ಫೋನ್ ಎತ್ತಿ ಹಿಡಿದ ಜನ, ನಾವು ಹಿಂದೆ ನಿಂತು ಕಾದ್ವಿ, ಒಂದು ಗುಂಪು ಹೋಗಿ ಇನ್ನೊಂದು ಬರೋ ಮಧ್ಯೆ ಒಂದು ಅರ್ಧ ನಿಮಿಷ ಸಿಕ್ತು. ಫೋಟೋದಲ್ಲಿ ಚಿನ್ನ ಬರೀ ಹಳದಿ, ಎದುರಿಗೆ ನಿಂತು ಒಂದು ಹೆಜ್ಜೆ ಅತ್ತ ಇತ್ತ ಆದ್ರೆ ಅದು ಉಸಿರಾಡುತ್ತೆ. ಕ್ಲಿಮ್ಟ್‌ನ ಅಪ್ಪ ಚಿನ್ನದ ಕೆತ್ತನೆ ಕೆಲಸದವನು. ಚಿತ್ರದ ಹೆಣ್ಣಿನ ಕಾಲ್ಬೆರಳು ನೋಡಿ, ಹೂವಿನ ಹಾಸು ಮುಗಿಯೋ ಅಂಚಿನಲ್ಲಿ ಬಿಗಿಹಿಡಿದಿವೆ, ಆ ಕಡೆ ಏನೂ ಇಲ್ಲ.

ಆದರೆ ನಾನು ಹೇಳ್ಬೇಕು ಅಂತಿರೋದು ಅಲ್ಲಿಲ್ಲದ ಚಿತ್ರದ ಬಗ್ಗೆ. ಇದೇ ಕ್ಲಿಮ್ಟ್ 1907ರಲ್ಲಿ ಬರೆದ ಅಡೆಲೆ ಬ್ಲಾಖ್-ಬಾವರ್ ಅನ್ನೋ ಹೆಣ್ಣುಮಗಳ ಚಿನ್ನದ ಚಿತ್ರ ಹತ್ತಾರು ವರ್ಷ ಈ ಮ್ಯೂಸಿಯಂನಲ್ಲಿತ್ತು. ಅವರದ್ದು ಯಹೂದಿ ಮನೆತನ. ಅಡೆಲೆ 1925ರಲ್ಲಿ ತೀರ್ಕೊಂಡಳು, ಚಿತ್ರಗಳನ್ನ ಗಂಡ ತನ್ನ ಕಾಲಾನಂತರ ಈ ಗ್ಯಾಲರಿಗೆ ಕೊಡ್ಲಿ ಅಂತ ಉಯಿಲಿನಲ್ಲಿ ಕೇಳ್ಕೊಂಡಿದ್ದಳು. 1938ರಲ್ಲಿ ನಾಜಿಗಳು ಬಂದ್ರು, ಗಂಡ ಫರ್ಡಿನಾಂಡ್ ಎಲ್ಲಾ ಬಿಟ್ಟು ಓಡಿದ, ಮನೆ ಮಠ ಜಪ್ತಿ. ಅವನು ಬದುಕಿದ್ದಾಗಲೇ, 1941ರಲ್ಲಿ, ಆ ಚಿತ್ರ ಇಲ್ಲಿಗೆ ಬಂತು. ಅವನು 1945ರಲ್ಲಿ ಜೂರಿಕ್‌ನಲ್ಲಿ ಸತ್ತ, ಆಸ್ತಿನ ಅಣ್ಣನ ಮಕ್ಕಳಿಗೆ ಬರೆದಿದ್ದ. ಅವರಲ್ಲಿ ಒಬ್ಬಳು ಮರಿಯಾ ಆಲ್ಟ್‌ಮನ್, ಅಮೆರಿಕದಲ್ಲಿದ್ದಳು. ವಯಸ್ಸು ಎಂಬತ್ತು ದಾಟಿದ ಮೇಲೆ ಕೇಸು ಹಾಕಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋದಳು, ಕೊನೆಗೆ 2006ರ ಜನವರಿಯಲ್ಲಿ ಆಸ್ಟ್ರಿಯಾದವರೇ ಕೂತ ಪಂಚಾಯಿತಿ ತೀರ್ಮಾನದಿಂದ ಐದು ಕ್ಲಿಮ್ಟ್ ಚಿತ್ರಗಳು ಅವರ ಕುಟುಂಬಕ್ಕೆ ವಾಪಸ್ ಹೋದ್ವು. ಅಡೆಲೆ ಈಗ ನ್ಯೂಯಾರ್ಕಿನಲ್ಲಿದ್ದಾಳೆ.

"ಇಲ್ಲೇ ಇದ್ದಿದ್ರೆ ನಾವೂ ನೋಡಬಹುದಿತ್ತು" ಅಂದ್ರು ನಮ್ಮ ಮನೆಯವರು. ನಿಜ, ನನಗೂ ಆಸೆ ಆಯ್ತು. ಆದರೆ ಕಿತ್ಕೊಂಡು ತಂದಿದ್ದನ್ನ ಎಷ್ಟು ಚೆನ್ನಾಗಿ ದೀಪ ಹಾಕಿ ತೋರಿಸಿದ್ರೂ ಅದು ಕಿತ್ಕೊಂಡಿದ್ದೇ, ವಾಪಸ್ ಕೊಟ್ಟಿದ್ದು ಸರಿ ಅಂದೆ. ಅವಾಗಿಂದ ಮಗ ಒಂದು ಕೆಲಸ ಶುರು ಮಾಡಿದ. ಮ್ಯೂಸಿಯಂನವರ ಆನ್‌ಲೈನ್ ಪಟ್ಟಿಯಲ್ಲಿ ಚಿತ್ರ ಯಾರ ಹತ್ರ ಇತ್ತು, ಯಾವ ವರ್ಷ ಹೇಗೆ ಬಂತು ಅಂತ ಕೊಟ್ಟಿರ್ತಾರೆ. ಇಷ್ಟವಾದ ಚಿತ್ರದ ಮುಂದೆ ನಿಂತಾಗೆಲ್ಲಾ ಫೋನ್ ತೆಗೆದು ಅದನ್ನ ಓದಿ ಹೇಳೋನು. ಇಡೀ ಮಧ್ಯಾಹ್ನ ಹಾಗೇ ಕಳೀತು. ನೀವು ಹೋದ್ರೂ ಹಾಗೆ ಮಾಡಿ.

ಎಗಾನ್ ಶೀಲೆಯ 'ಕುಟುಂಬ' ಚಿತ್ರದ ಮುಂದೆ ಮಾತ್ರ ಫೋನ್ ತೆಗೀಲಿಲ್ಲ. ಗಂಡ, ಹೆಂಡತಿ, ಕಾಲ ಮಧ್ಯೆ ಮಗು. 1918ರಲ್ಲಿ ಬರೆದಿದ್ದು. ಆ ವರ್ಷ ಅಕ್ಟೋಬರ್ ಕೊನೆಗೆ ಬಸುರಿ ಹೆಂಡತಿ ಎಡಿತ್ ಸ್ಪ್ಯಾನಿಷ್ ಫ್ಲೂ ಬಂದು ಸತ್ತಳು, ಮೂರು ದಿನಕ್ಕೆ ಇವನೂ. 28 ವರ್ಷ. ಚಿತ್ರದಲ್ಲಿರೋ ಮಗು ಯಾವತ್ತೂ ಹುಟ್ಟಲೇ ಇಲ್ಲ. ನಮ್ಮ ಮಗನಿಗೂ ಈಗ 28, ಸುಮ್ಮನೆ ಅವನ ತೋಳು ಹಿಡ್ಕೊಂಡು ಮುಂದಿನ ಕೋಣೆಗೆ ಬಂದೆ.

ಮಾರನೇ ದಿನ ಆ 1891ರಲ್ಲಿ ಚಿತ್ರಗಳು ಹೋದ ದೊಡ್ಡ ಮ್ಯೂಸಿಯಂಗೆ ಹೋದ್ವಿ. ಅಲ್ಲಿ ಬೆಲ್ಲೊಟ್ಟೊ ಅನ್ನೋ ಕಲಾವಿದ 1760ರ ಸುಮಾರಿಗೆ ಬರೆದ ಒಂದು ಚಿತ್ರ ಇದೆ, ಬೆಲ್ವೆಡೇರ್ ಮೇಲಿಂದ ಕಾಣೋ ವಿಯೆನ್ನಾ. ಎಡಕ್ಕೆ ಕಾರ್ಲ್ಸ್ ಚರ್ಚಿನ ಗುಮ್ಮಟ, ನಡುವೆ ದೂರದಲ್ಲಿ ಸ್ಟೆಫಾನ್ಸ್ ಚರ್ಚಿನ ಗೋಪುರ, ಕೆಳಗೆ ಅದೇ ತೋಟ, ಅದೇ ದಾರಿ, ಓಡಾಡ್ತಿರೋ ಪುಟ್ಟ ಪುಟ್ಟ ಜನ. ನಮ್ಮ ಮನೆಯವರು ಕನ್ನಡಕ ಸರಿ ಮಾಡ್ಕೊಂಡು ತುಂಬಾ ಹೊತ್ತು ನೋಡಿದ್ರು, ಆಮೇಲೆ ಚಿತ್ರಕ್ಕೆ ಬೆರಳು ತಾಗದ ಹಾಗೆ ದೂರದಿಂದ ಒಂದು ಜಾಗ ತೋರಿಸಿ, "ನಿನ್ನೆ ಮಂಡಿ ನೋವು ಅಂತ ಕೂತಿದ್ನಲ್ಲ, ಇಲ್ಲೇ ಕಣೇ" ಅಂದ್ರು.