ಫ್ರೆಶರ್ ರೆಸ್ಯೂಮ್ ಟೆಂಪ್ಲೇಟ್, ರಾಯಚೂರು–ಕೊಪ್ಪಳ ಆವೃತ್ತಿ: ಕೆಲಸ ಎಲ್ಲಿಗೆ ಬಂತು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಬಿಇ, ಬಿಸಿಎ ಕೊನೆಯ ವರ್ಷದವರಿಗಾಗಿ ಒಂದೇ ಪುಟದ ವರ್ಡ್ ಕಡತ ಸಿದ್ಧವಾಗುತ್ತಿದೆ. ವಿವರ ತುಂಬಿ ಬೆಂಗಳೂರು, ಹೈದರಾಬಾದಿನ ಮೊದಲ ಐಟಿ ಕೆಲಸಕ್ಕೆ ನೇರವಾಗಿ ಕಳಿಸುವಂತಿರಬೇಕು. ಫೋಟೊ, ಬಣ್ಣ, ಐಕಾನ್ ಇಲ್ಲ.

ಕರಡು 1: ಕಿತ್ತು ಹಾಕಿದ್ದು

ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಕಾಪಿಯಾಗುತ್ತ ಬಂದ ಬಯೋಡೇಟಾ ಮಾದರಿಯಿಂದಲೇ ಶುರು ಮಾಡಿದೆವು. ಹೆಚ್ಚಿನವರ ಕೈಯಲ್ಲಿರುವುದು ಅದೇ. ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಮನೆ ನಂಬರ್ ಸಮೇತ ವಿಳಾಸ, ಕೊನೆಗೆ ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ, ಸ್ಥಳ, ಸಹಿ ಎಲ್ಲವೂ ಹೋದವು. ಖಾಸಗಿ ಕಂಪನಿಯ ಶಾರ್ಟ್‌ಲಿಸ್ಟಿಗೆ ಇವುಗಳಲ್ಲಿ ಒಂದೂ ಬೇಕಿಲ್ಲ. 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಪ್ರಮಾಣಪತ್ರದ ಸಾಲಿಗೂ ಇಲ್ಲಿ ಜಾಗವಿಲ್ಲ. ಅದು ಸರ್ಕಾರಿ ನೇಮಕಾತಿಗೆ, ಕಾಲೇಜು ಸೀಟಿಗೆ. ಆಧಾರ್ ನಂಬರನ್ನಂತೂ ಯಾವ ಕಾರಣಕ್ಕೂ ಬರೆಯಬೇಡಿ. ಒಮ್ಮೆ ಕಳಿಸಿದ ರೆಸ್ಯೂಮ್ ಎಷ್ಟು ಕೈ ದಾಟುತ್ತದೆಂದು ಕಳಿಸಿದವರಿಗೆ ತಿಳಿಯುವುದಿಲ್ಲ.

‘ಸವಾಲಿನ ವಾತಾವರಣದಲ್ಲಿ ನನ್ನ ಕೌಶಲ್ಯ ಬೆಳೆಸಿಕೊಂಡು ಸಂಸ್ಥೆಯ ಏಳಿಗೆಗೆ ದುಡಿಯುವುದು’ ಎಂಬ ಕರಿಯರ್ ಆಬ್ಜೆಕ್ಟಿವ್ ಕೂಡ ಹೋಯಿತು. ಎಲ್ಲರೂ ಬರೆಯುವ ಸಾಲು, ಯಾರೂ ಓದದ ಸಾಲು.

ಉಳಿದ ಕ್ರಮ ಹೀಗಿದೆ: ಹೆಸರು; ಅದರ ಕೆಳಗೆ ಒಂದೇ ಸಾಲಿನಲ್ಲಿ ಫೋನ್, ಇಮೇಲ್, ಊರು, ಗಿಟ್‌ಹಬ್ (ಕೋಡ್ ಇಡುವ ತಾಣ) ಕೊಂಡಿ; ನಂತರ ಕೌಶಲ್ಯ, ಪ್ರಾಜೆಕ್ಟ್, ಇಂಟರ್ನ್‌ಶಿಪ್, ಓದು. ಊರಿನ ಪಕ್ಕ ‘ಬೆಂಗಳೂರು, ಹೈದರಾಬಾದಿಗೆ ಬರಲು ಸಿದ್ಧ’ ಎಂದು ಸೇರಿಸಿದ್ದೇವೆ. ಸಿಂಧನೂರು ಅಥವಾ ಕುಷ್ಟಗಿ ಎಂದಷ್ಟೇ ಇದ್ದರೆ ಎಚ್‌ಆರ್‌ಗೆ ಮೊದಲು ಬರುವ ಅನುಮಾನ ಅದೇ.

ಕರಡು 2: ಯಂತ್ರಕ್ಕೆ ಓದಲು ಬರಬೇಕು

ಕ್ಯಾನ್ವಾದಲ್ಲಿ ಸಿಗುವ ಎರಡು ಕಾಲಂ ವಿನ್ಯಾಸ ಕಣ್ಣಿಗೆ ಚೆಂದ. ಆದರೆ ಅರ್ಜಿ ಸೋಸುವ ಸಾಫ್ಟ್‌ವೇರ್ ಎಡ ಕಾಲಮ್ಮಿನ ‘ಪೈಥಾನ್’ ಪಕ್ಕ ಬಲ ಕಾಲಮ್ಮಿನ ಕಾಲೇಜಿನ ಹೆಸರನ್ನು ಅಂಟಿಸಿ ಓದಬಹುದು. ಟೇಬಲ್, ಟೆಕ್ಸ್ಟ್ ಬಾಕ್ಸುಗಳದ್ದೂ ಇದೇ ಹಾಡು. ಫೋನ್ ನಂಬರನ್ನು ವರ್ಡಿನ ಹೆಡರ್ ಭಾಗದಲ್ಲಿ ಇಟ್ಟರೆ ಕೆಲವು ಸಾಫ್ಟ್‌ವೇರ್ ಅದನ್ನು ಓದುವುದೇ ಇಲ್ಲ. ಕೌಶಲ್ಯಕ್ಕೆ ಐದು ನಕ್ಷತ್ರ, ಶೇಕಡಾ ಪಟ್ಟಿ ಹಾಕುವವರಿದ್ದಾರೆ. ಜಾವಾ 80% ಬರುತ್ತದೆ ಎಂದರೆ ಉಳಿದ 20% ಯಾವುದು ಅಂತ ಕೇಳಿದಾಗ ಉತ್ತರವಿರುವುದಿಲ್ಲ.

ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಕಂಟ್ರೋಲ್ ಎ, ಕಂಟ್ರೋಲ್ ಸಿ ಒತ್ತಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಮೇಲಿಂದ ಕೆಳಗೆ ಓದಿದಾಗ ಕ್ರಮ ತಪ್ಪಿರಬಾರದು. ಏನೂ ಪೇಸ್ಟ್ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಅಕ್ಷರವಲ್ಲ. ವರ್ಡ್ ಕಡತದಿಂದ ಮತ್ತೆ ಮಾಡಬೇಕು. ಲೇಟೆಕ್ (ಕೋಡ್ ಬರೆದು ಪುಟ ಅಚ್ಚು ಮಾಡುವ ಸಾಫ್ಟ್‌ವೇರ್) ಬಳಸುವವರು ‘ಸರ್ಟಿಫಿಕೇಟ್’ನ ಇಂಗ್ಲಿಷ್ ಕಾಗುಣಿತದಲ್ಲಿ ಎಫ್ ಮತ್ತು ಐ ಉಳಿದಿವೆಯೇ ನೋಡಿ. ಆ ಎರಡೂ ಕೂಡಿ ಒಂದೇ ಅಚ್ಚಾಗುವುದರಿಂದ ಕಾಪಿ ಮಾಡಿದಾಗ ಮಾಯವಾಗುವುದುಂಟು. ಲೇಟೆಕ್‌ನ ಸಿಮ್ಯಾಪ್ (cmap) ಪ್ಯಾಕೇಜ್ ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪಿಡಿಎಫ್ ಮಾಡುವಾಗ ‘ಸೇವ್ ಆ್ಯಸ್’ ಬಳಸಿ. ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿದರೆ ಗಿಟ್‌ಹಬ್ ಕೊಂಡಿ ಬರೀ ಅಕ್ಷರವಾಗಿ ಉಳಿಯುತ್ತದೆ, ಒತ್ತಿದರೆ ತೆರೆಯುವುದಿಲ್ಲ. ಸದ್ಯದ ಅಳತೆ: ಎ4, ನಾಲ್ಕೂ ಕಡೆ 1.8 ಸೆಂ.ಮೀ. ಅಂಚು, ಕ್ಯಾಲಿಬ್ರಿ 10.5 ಪಾಯಿಂಟ್, ಹೆಸರಿಗೆ 16. ಜಾಗ ಸಾಲದಿದ್ದರೆ ಸಾಲು ಕಡಿಮೆ ಮಾಡಿ, ಅಕ್ಷರವನ್ನು 10ಕ್ಕಿಂತ ಕೆಳಗಿಳಿಸಬೇಡಿ.

ಕರಡು 3: ಪ್ರಾಜೆಕ್ಟ್

ಅರ್ಧ ಪುಟ ಇದಕ್ಕೇ ಬಿಟ್ಟಿದ್ದೇವೆ. ಕೆಲಸದ ಅನುಭವವಿಲ್ಲದವರ ಬಗ್ಗೆ ಸಂದರ್ಶಕರಿಗೆ ಕೇಳಲು ಇರುವುದು ಇದೊಂದೇ.

ಐರಿಸ್ ಹೂವಿನ ವರ್ಗೀಕರಣ, ಟೈಟಾನಿಕ್‌ನಲ್ಲಿ ಬದುಕುಳಿದವರ ಊಹೆ, ಲೈಬ್ರರಿ ಮ್ಯಾನೇಜ್‌ಮೆಂಟ್ ಎಂಬ ಎಲ್ಲರೂ ಮಾಡುವ ಅಭ್ಯಾಸಗಳು ಕಲಿಯಲು ಒಳ್ಳೆಯವು, ತೋರಿಸಲು ಅಲ್ಲ. ಐರಿಸ್ ದತ್ತಾಂಶದಲ್ಲಿರುವುದು ಒಟ್ಟು 150 ಸಾಲು. ಅದರ ಮೇಲೆ 97% ನಿಖರತೆ ಬಂತೆಂದರೆ ನೋಡುವವರು ಹುಬ್ಬು ಏರಿಸುವುದಿಲ್ಲ.

ನಮ್ಮ ಕಡೆ ದತ್ತಾಂಶಕ್ಕೆ ಬರವಿಲ್ಲ. ತುಂಗಭದ್ರಾ ಮಂಡಳಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳನ್ನು ನಿತ್ಯ ಪ್ರಕಟಿಸುತ್ತದೆ. ಟೆಂಪ್ಲೇಟಿನ ಮಾದರಿ ಸಾಲು ಇದರ ಮೇಲೆಯೇ ಇದೆ (ಕಡತದಲ್ಲಿ ಇಂಗ್ಲಿಷಿನಲ್ಲಿದೆ, ತಿರುಳು ಇಲ್ಲಿ):

‘ಜೂನ್ 2021ರಿಂದ ಮೇ 2025ರವರೆಗಿನ ನಿತ್ಯದ ಮಟ್ಟ, ಹೊರಹರಿವುಗಳನ್ನು (1,461 ಸಾಲು) ಪೈಥಾನಿನಲ್ಲಿ ಸಂಗ್ರಹಿಸಿ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಇಟ್ಟೆ, ತಪ್ಪಿಹೋದ ದಿನಗಳನ್ನು ಗುರುತಿಸಿ, ವರ್ಷವಾರು ಹೋಲಿಕೆಯ ಗ್ರಾಫ್ ತೋರಿಸುವ ಫ್ಲಾಸ್ಕ್ ವೆಬ್ ಪುಟ ಮಾಡಿದೆ.’

ಏನು ಮಾಡಿದ್ದು, ಯಾವುದರಿಂದ, ಎಷ್ಟು ಎಂಬ ಮೂರೂ ಒಂದೇ ಸಾಲಿನಲ್ಲಿವೆ. ಇದನ್ನು ಬರೆದವರಿಗೆ ಬರುವ ಪ್ರಶ್ನೆಗಳೂ ಊಹಿಸಬಹುದಾದವು. ತಪ್ಪಿದ ದಿನವನ್ನು ಖಾಲಿ ಬಿಟ್ಟಿರೋ, ಹಿಂದಿನ ದಿನದ ಅಂಕಿಯಿಂದ ತುಂಬಿದಿರೋ? ಮಟ್ಟ ಪೂರ್ಣ ಮಟ್ಟವಾದ 1,633 ಅಡಿಗಿಂತ ಹೆಚ್ಚು ಎಂದು ದಾಖಲಾಗಿದ್ದರೆ ಏನು ಮಾಡಿದಿರಿ? 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ (ನೀರು ಬಿಡುವ ಬಾಗಿಲು) ಕೊಚ್ಚಿಹೋದ ನಂತರ ಹೊರಹರಿವು ಒಮ್ಮೆಲೇ ಏರುತ್ತದೆ. ಟ್ಯುಟೋರಿಯಲ್ ನೋಡಿ ಕಲಿತವರು ಅದನ್ನು ಔಟ್‌ಲೈಯರ್ (ಉಳಿದವಕ್ಕೆ ಹೊಂದದ ಅಂಕಿ) ಎಂದು ಅಳಿಸಿಬಿಡುತ್ತಾರೆ. ಅಂಕಿ ಸರಿಯಿದೆ, ಕಾರಣ ಇದು, ಆದ್ದರಿಂದ ಉಳಿಸಿ ಗುರುತು ಹಾಕಿದೆ ಎನ್ನುವವರು ಹತ್ತು ಸರ್ಟಿಫಿಕೇಟಿಗಿಂತ ಮುಂದಿರುತ್ತಾರೆ. ನೀರಾವರಿ ಬೇಡವೆನ್ನುವವರಿಗೆ ಗಂಗಾವತಿಯ ಅಕ್ಕಿ ಗಿರಣಿಯ ದಾಸ್ತಾನು, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದ ಪೀಸ್ ಲೆಕ್ಕ ಇದ್ದೇ ಇವೆ.

ನಾಲ್ವರು ಸೇರಿ ಮಾಡಿದ ಕೊನೆಯ ವರ್ಷದ ಪ್ರಾಜೆಕ್ಟಾದರೆ ‘4 ಜನರ ತಂಡ, ನನ್ನ ಪಾಲು ಲಾಗಿನ್ ಮತ್ತು ಡೇಟಾಬೇಸ್’ ಎಂದು ಬಿಡಿಸಿ ಬರೆಯಿರಿ. ದುಡ್ಡು ಕೊಟ್ಟು ತಂದ ರೆಡಿಮೇಡ್ ಪ್ರಾಜೆಕ್ಟ್ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ, ಅದನ್ನು ಹಾಕಲೇಬೇಡಿ.

ಡೆಮೊ ಕೊಂಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ವೆಬ್ ಪುಟ ಓಡಿಸುವ ರೆಂಡರ್ ತಾಣದ ಉಚಿತ ಸರ್ವರ್ 15 ನಿಮಿಷ ಯಾರೂ ಬಾರದಿದ್ದರೆ ಮಲಗುತ್ತದೆ. ಮತ್ತೆ ಏಳಲು ಸುಮಾರು ಒಂದು ನಿಮಿಷ ಬೇಕು. ಎಚ್‌ಆರ್ ಅಷ್ಟು ಹೊತ್ತು ಕಾಯುವುದಿಲ್ಲ. ಗಿಟ್‌ಹಬ್‌ನ ರೀಡ್‌ಮಿ (ಪರಿಚಯ) ಕಡತದಲ್ಲಿ ಎರಡು ಸ್ಕ್ರೀನ್‌ಶಾಟ್, ಓಡಿಸುವ ವಿಧಾನ ಇಟ್ಟು, ರೆಸ್ಯೂಮಿನಲ್ಲಿ ಆ ಕೊಂಡಿಯನ್ನೇ ಕೊಡಿ. ಪಾಸ್‌ವರ್ಡ್ ಇರುವ ಎನ್ವ್ (.env) ಕಡತ ಅಲ್ಲಿಗೆ ಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಕೌಶಲ್ಯದ ಪಟ್ಟಿಗೆ ನಿಯಮ ಒಂದೇ: ಕೆಳಗಿನ ಪ್ರಾಜೆಕ್ಟಿನಲ್ಲಿ ಕಾಣದ ಹೆಸರು ಮೇಲೆ ಇರಬಾರದು. ಎಸ್‌ಕ್ಯುಎಲ್ (ಡೇಟಾಬೇಸಿನ ಭಾಷೆ) ಎಂದು ಬರೆದರೆ ಜಾಯಿನ್, ಗ್ರೂಪ್ ಬೈ ಕೇಳಿಯೇ ಕೇಳುತ್ತಾರೆ. ಬ್ಲಾಕ್‌ಚೈನ್, ಐಒಟಿ, ಎಂಎಸ್ ಆಫೀಸ್ ತೆಗೆದರೆ ಪಟ್ಟಿ ಮೂರು ಸಾಲಿಗೆ ಇಳಿಯುತ್ತದೆ, ಅಷ್ಟು ಸಾಕು.

ಅಂಕ

ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಸರಾಸರಿ ಗ್ರೇಡ್ ಅಂಕ) ಇದ್ದಂತೆಯೇ ಬರೆಯಿರಿ. ಫಾರ್ಮ್ ಶೇಕಡಾ ಕೇಳಿದರೆ ನಿಮ್ಮ ಸ್ಕೀಮಿನ (ಪಠ್ಯಕ್ರಮದ) ಸೂತ್ರವನ್ನೇ ಹಿಡಿಯಿರಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ 0.75 ಕಳೆದು 10ರಿಂದ ಗುಣಿಸಬೇಕು, ಅಂದರೆ 8.10 ಇದ್ದರೆ 73.5%. ನೇರವಾಗಿ 81 ಎಂದು ಹಾಕಿದರೆ ಆಫರ್ ಕೊಟ್ಟ ಮೇಲೆ ನಡೆಯುವ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ. ಡಿಪ್ಲೊಮಾದಿಂದ ಬಂದವರು ಪಿಯುಸಿ ಜಾಗದಲ್ಲಿ ಡಿಪ್ಲೊಮಾ ಬರೆದರೆ ಆಯಿತು. ಬ್ಯಾಕ್‌ಲಾಗ್ (ಪಾಸಾಗದ ವಿಷಯ) ಬಾಕಿ ಇದ್ದರೆ ರೆಸ್ಯೂಮಿನಲ್ಲಿ ಹೇಳಬೇಕಿಲ್ಲ, ಆದರೆ ಫಾರ್ಮಿನಲ್ಲಿ ಕೇಳಿದಾಗ ಮುಚ್ಚಿಡಬೇಡಿ.

ಬಾಕಿ ಇರುವುದು

ಸದ್ಯದ ಕಡತ ಡೆವಲಪರ್ ಹುದ್ದೆಗೆ ಮಾತ್ರ ಹೊಂದುತ್ತದೆ. ಟೆಸ್ಟಿಂಗ್ ಮತ್ತು ಸಪೋರ್ಟ್ ಹುದ್ದೆಗೆ ಬೇರೆ ಪ್ರತಿ ಆಗಬೇಕು. ಅಲ್ಲಿ ಲಿನಕ್ಸ್ ಆಜ್ಞೆಗಳು, ಬಗ್ ವರದಿ ಬರೆದ ಉದಾಹರಣೆ ಮೇಲೆ ಬಂದು ಮೆಷಿನ್ ಲರ್ನಿಂಗ್ ಕೆಳಗಿಳಿಯುತ್ತದೆ. ನೌಕ್ರಿ ಎಂಬ ಉದ್ಯೋಗ ತಾಣಕ್ಕೆ ಅಪ್‌ಲೋಡ್ ಮಾಡಿದಾಗ ಪ್ರೊಫೈಲಿನಲ್ಲಿ ತಾನಾಗಿ ತುಂಬಿಕೊಳ್ಳುವ ಮಾಹಿತಿಯನ್ನು ಎರಡೂ ಪ್ರತಿಗಳಲ್ಲಿ ತಾಳೆ ನೋಡುವುದು ಅದರ ನಂತರದ ಕೆಲಸ.