ಆಕಾಶದ ಎರಡು ಕಣ್ಣು

ಗಿಡುಗನ ತಲೆಯ ಹೋರಸ್ ಈಜಿಪ್ಟಿನವರ ಆಕಾಶದೇವರು. ಬಲಗಣ್ಣು ಸೂರ್ಯ, ಎಡಗಣ್ಣು ಚಂದ್ರ. ಎದುರಾಳಿ ದೇವರು ಸೆತ್ ಜೊತೆಗಿನ ಕಾಳಗದಲ್ಲಿ ಘಾಸಿಯಾದದ್ದು ಎಡಗಣ್ಣು. ಅದನ್ನು ವಾಸಿಮಾಡಿದವನು ಜ್ಞಾನದ ದೇವರು ಥೋತ್. ಚಂದ್ರ ಸವೆದು ಮತ್ತೆ ತುಂಬಿಕೊಳ್ಳುವುದಕ್ಕೂ ಈ ಕಣ್ಣಿಗೂ ಅವರು ನಂಟು ಕಟ್ಟಿದ್ದರು. ಎಷ್ಟು ಚೆಂದದ ಊಹೆ!

ಜಪಾನಿನ ಹಳೆಯ ಪುರಾಣಗ್ರಂಥ ಕೊಜಿಕಿಯಲ್ಲಿ (ಕ್ರಿ.ಶ. 712) ಇದು ಅದಲುಬದಲು. ಸೃಷ್ಟಿದೇವ ಇಜಾನಾಗಿ ಮೀಯುವಾಗ ಎಡಗಣ್ಣಿನಿಂದ ಸೂರ್ಯದೇವಿ ಅಮತೆರಾಸು, ಬಲಗಣ್ಣಿನಿಂದ ಚಂದ್ರದೇವ ತ್ಸುಕುಯೋಮಿ, ಮೂಗಿನಿಂದ ಬಿರುಗಾಳಿಯ ದೇವ ಸುಸಾನೊ ಹುಟ್ಟುತ್ತಾರೆ.

ಸುಸಾನೊನನ್ನೇ ನಾಯಕನಾಗಿಸಿ ತೊಯೆಯ್ ಸ್ಟುಡಿಯೋ 1963ರಲ್ಲಿ ಅನಿಮೇಷನ್ ಚಿತ್ರ ಮಾಡಿತು. ಆ ಚಿತ್ರದಲ್ಲಿ ಈಜಿಪ್ಟಿನ ಪ್ರಭಾವ ಇದೆ ಅನ್ನುವುದು ತಪ್ಪು, ಬೇರು ಪೂರಾ ಜಪಾನಿನದೇ. ಇರುವುದು ಸಾಮ್ಯ ಮಾತ್ರ. ಆದರೂ ಚಿತ್ರದಲ್ಲಿ ಅಮತೆರಾಸು ಗುಹೆ ಸೇರಿ ಲೋಕ ಕತ್ತಲಾಗುವ, ಹೊರಗಿನ ಕುಣಿತದ ಸದ್ದಿಗೆ ಅವಳು ಬಂಡೆಯ ಸಂದಿನಿಂದ ಇಣುಕುವ ಕಡೆ ಬಂದಾಗ, ಹೋದ ಬೆಳಕು ಮರಳುವುದನ್ನು ಕಂಡು ಥೋತ್ ವಾಸಿಮಾಡಿದ ಆ ಕಣ್ಣು ನೆನಪಾಗದೆ ಇರದು.