ನಾಲ್ಕಿಂಚಿನ ಸ್ನೇರ್‌ಗೆ ಹೆಡ್ ಹಾಕಿದ ದಿನ

ನನ್ನ ಹಳೆಯ ಸ್ನೇರ್ ಡ್ರಮ್, ಅಂದರೆ ಕೆಳಗೆ ತಂತಿಗಳ (ವೈರ್) ಪಟ್ಟಿ ಕಟ್ಟಿ ಚರಚರ ಸದ್ದು ಬರಿಸುವ ಡ್ರಮ್, 14 ಇಂಚು ಅಗಲ, ಆಳ ನಾಲ್ಕೇ ಇಂಚು. 1960ರ ದಶಕದ ತೆಳು ಮರದ ಶೆಲ್ (ಡ್ರಮ್ಮಿನ ಮೈ), ಒಳಗೆ ಮೇಲೊಂದು ಕೆಳಗೊಂದು ಮರದ ಬಳೆ, ಸುತ್ತ ಬಿಗಿಯುವ ರಾಡ್‌ಗಳು ಕೂರುವ 8 ಲಗ್. ಕೈಗೆ ಬಂದಾಗ ಮೇಲಿನ ಹೆಡ್, ಅಂದರೆ ಬಾರಿಸುವ ಹೊದಿಕೆ, ನಡುವೆ ಹಳ್ಳ ಬಿದ್ದಿತ್ತು, ಕೆಳಗಿನದು ಹಳದಿಗಟ್ಟಿತ್ತು. ಎರಡನ್ನೂ ಬದಲಿಸಲೇಬೇಕಿತ್ತು.

ನನಗೆ ದಪ್ಪ ನಾದ ಇಷ್ಟ. ಹಾಗಾಗಿ ಮೊದಲು ಮೇಲೆ ರೆಮೋ ಕಂಪನಿಯ ಎರಡು ಪದರದ ಎಂಪರರ್ ಹೆಡ್ ಹಾಕಿದೆ. ಕೆಳಗಿನದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಹಳೆಯದನ್ನೇ ಬಿಟ್ಟೆ. ಬಾರಿಸಿದರೆ ರಟ್ಟಿನ ಡಬ್ಬಿಗೆ ಬಡಿದ ಹಾಗಿತ್ತು. ಜೋರಾಗಿ ಹೊಡೆದಾಗ ಮಾತ್ರ ವೈರ್ ಮಾತಾಡುತ್ತಿತ್ತು, ಗೋಸ್ಟ್ ನೋಟ್‌ಗಳು, ಅಂದರೆ ತೀರಾ ಮೆಲ್ಲಗೆ ಬಾರಿಸುವ ಪೆಟ್ಟುಗಳು, ಇದ್ದೂ ಇಲ್ಲದಂತಾದವು. ಸಡಿಲ ಮಾಡಿ ನೋಡಿದೆ, ಇನ್ನಷ್ಟು ಸತ್ತಿತು. ಬಿಗಿ ಮಾಡಿದೆ, ಉಸಿರು ಕಟ್ಟಿತು. ಒಂದು ವಾರ ಹೀಗೇ ಕಳೆದ ಮೇಲೆ ಒಂದು ಭಾನುವಾರ ಪೂರ್ತಿ ಬಿಚ್ಚಿ ಕೂತೆ.

ಬರಿ ಶೆಲ್ಲನ್ನು ಗಾಜಿನ ಮೇಜಿನ ಮೇಲೆ ಇಟ್ಟು, ಕೋಣೆ ಕತ್ತಲು ಮಾಡಿ, ಒಳಗೆ ಟಾರ್ಚ್ ಹಚ್ಚಿದೆ. ಅಂಚು ಸಮವಾಗಿದ್ದರೆ ಬೆಳಕು ಆಚೆ ಸೋರಬಾರದು. ಮೇಲಿನ ಅಂಚು ಚೆನ್ನಾಗಿ ಕೂತಿತು. ಶೆಲ್ ತಿರುಗಿಸಿ ಕೆಳಗಿನ ಅಂಚನ್ನು ಇಟ್ಟರೆ ಎರಡು ಕಡೆ ಬೆಳಕಿನ ಗೆರೆ ಕಂಡಿತು, ಒಂದೊಂದೂ ನಾಲ್ಕೈದು ಬೆರಳಗಲ. ಎದೆ ಧಸಕ್ಕೆಂದಿತು. ಅಂಚು ಸವೆದಿದೆ, ಉಜ್ಜಿಸಬೇಕು ಎಂದೇ ತೀರ್ಮಾನಿಸಿದೆ. ಅದಕ್ಕೂ ಮೊದಲು ನನಗೆ ಡ್ರಮ್ಸ್ ಕಲಿಸಿದ ಗುರುಗಳಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು.

"ಆ ಎರಡು ಜಾಗ ಎದುರುಬದುರು ಇದೆಯೇನೋ?"

"ಹೌದು ಸರ್."

"ಒಂದು ಥ್ರೋ-ಆಫ್, ಅದೇ ವೈರ್ ಬಿಗಿಯೋ ಹಿಡಿ, ಇರೋ ಕಡೆ ತಾನೇ?"

"ಹೌದು ಸರ್."

"ಅದು ಸ್ನೇರ್ ಬೆಡ್ ಕಣೋ. ಬೇಕು ಅಂತಲೇ ಕೆತ್ತಿರೋದು. ಮುಟ್ಟಬೇಡ."

ವೈರ್‌ಗಳು ಹೆಡ್‌ಗೆ ಒತ್ತಿ ಮಲಗಬೇಕಾದರೆ ಅವುಗಳ ಪಟ್ಟಿ ದಾಟುವ ಜಾಗದಲ್ಲಿ ಅಂಚು ತುಸು ತಗ್ಗಿರಬೇಕು. ನನ್ನ ಶೆಲ್ಲಿನಲ್ಲಿ ಆ ತಗ್ಗು ಒಂದು ಮಿಲಿಮೀಟರ್ ಆಸುಪಾಸು. ಉಜ್ಜಿಸಿದ್ದರೆ ಡ್ರಮ್ಮಿನ ಜೀವವೇ ಹೋಗುತ್ತಿತ್ತು. ಬೆರಳಾಡಿಸಿದಾಗ ಇನ್ನೊಂದು ವಿಷಯ ತಿಳಿಯಿತು: ಅಂಚು ಚೂಪಾಗಿಲ್ಲ, ದುಂಡಗಿದೆ. ಕರುವಿನ ಚರ್ಮ ಕಟ್ಟುತ್ತಿದ್ದ ಕಾಲದ ರೂಢಿ ಅದು. ಪ್ಲಾಸ್ಟಿಕ್ ಹೆಡ್ ಬಳಕೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ರೆಮೋ ಕಂಪನಿ ಶುರುವಾದದ್ದೇ 1957ರಲ್ಲಿ. ದುಂಡಗಿನ ಅಂಚು ಹೆಡ್ಡನ್ನು ಹೆಚ್ಚು ಜಾಗದಲ್ಲಿ ತಾಗುವುದರಿಂದ ಕಿವಿಗೆ ಚುಚ್ಚುವ ಓವರ್‌ಟೋನ್ (ಮೂಲ ಸ್ವರದ ಜೊತೆಗೆ ಏಳುವ ಮೇಲಿನ ಸ್ವರಗಳು) ಮೊದಲೇ ಸ್ವಲ್ಪ ಇಳಿದಿರುತ್ತದೆ. ಅದರ ಮೇಲೆ ನಾನು ಎರಡು ಪದರದ ಹೆಡ್ ಹೊದಿಸಿದ್ದೆ!

ಈ ಸಲ ಮೇಲೆ ರೆಮೋದ ಕೋಟೆಡ್ ಅಂಬಾಸಿಡರ್ ಹೆಡ್, ಒಂದೇ ಪದರ, 10 ಮಿಲ್, ಅಂದರೆ ಕಾಲು ಮಿಲಿಮೀಟರ್ ದಪ್ಪ. ಅದಕ್ಕಿಂತ ತೆಳುವಾದ ಡಿಪ್ಲೊಮ್ಯಾಟ್ ಮೇಲೂ ಆಸೆಯಿತ್ತು. ಆದರೆ ನಾನು ಹೆಡ್ಡಿಗೂ ಅಂಚಿನ ರಿಮ್‌ಗೂ ಒಟ್ಟಿಗೆ ಬೀಳುವ ರಿಮ್ ಶಾಟ್ ಹೊಡೆಯುವವನು, ಆ ತೆಳು ಹೆಡ್ ಹೆಚ್ಚು ದಿನ ತಡೆಯುವುದಿಲ್ಲ. ಕೆಳಗೆ 3 ಮಿಲ್‌ನ ಸ್ನೇರ್ ಸೈಡ್ ಹೆಡ್. ಈ ಕೆಳಗಿನ ಹೆಡ್ಡನ್ನೇ ನಾನು ಕಡೆಗಣಿಸಿದ್ದು. ಆಳ ಕಡಿಮೆಯಿರುವ ಡ್ರಮ್ಮಿನಲ್ಲಿ ಎರಡು ಹೆಡ್‌ಗಳ ನಡುವೆ ಗಾಳಿ ಕಡಿಮೆ. ಮೇಲೆ ಬಿದ್ದ ಪೆಟ್ಟು ತಕ್ಷಣ ಕೆಳಗಿನದನ್ನು ಅಲುಗಿಸುತ್ತದೆ. ಕೆಳಗಿನದು ಹಳಸಿದ್ದರೆ ಮೇಲೆ ಏನು ಹಾಕಿದರೂ ಅಷ್ಟೇ.

ಲಗ್‌ಗಳೊಳಗಿನ ಸ್ಪ್ರಿಂಗ್ ಗುಂಯ್‌ಗುಡದಂತೆ ಚೂರು ಚೂರು ಹತ್ತಿ ತುರುಕಿದೆ. ರಾಡ್‌ಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟೆ.

ಶ್ರುತಿ ಮಾಡಿದ್ದು ಕೆಳಗಿನಿಂದ. ಎಲ್ಲ ರಾಡ್‌ಗಳನ್ನು ಬೆರಳಲ್ಲೇ ಬಿಗಿದು, ಆಮೇಲೆ ಕೀ ಹಿಡಿದು ಎದುರುಬದುರಾಗಿ ಅರ್ಧರ್ಧ ಸುತ್ತು. ಬೆಡ್ ಹತ್ತಿರ ಸಣ್ಣ ಸುಕ್ಕು ಉಳಿಯಿತು. ತಗ್ಗಿನ ಇಕ್ಕೆಲದ ರಾಡ್‌ಗಳಿಗೆ, ಒಟ್ಟು ನಾಲ್ಕಕ್ಕೆ, ಕಾಲು ಸುತ್ತು ಹೆಚ್ಚು ಕೊಟ್ಟ ಮೇಲೆ ಸುಕ್ಕು ಮಾಯವಾಯಿತು. ಮೇಲಿನ ಹೆಡ್ ಸದ್ದು ಮಾಡದಂತೆ ಡ್ರಮ್ಮನ್ನು ಮಡಿಸಿದ ಟವೆಲ್ ಮೇಲೆ ಮಗುಚಿಟ್ಟು, ಪ್ರತಿ ಲಗ್‌ನಿಂದ ಒಂದಿಂಚು ಒಳಗೆ ಕಡ್ಡಿಯ ತುದಿಯಿಂದ ತಟ್ಟುತ್ತ ಬಂದೆ. ಒಂದು ಕಡೆ ಶ್ರುತಿ ಇಳಿದು ಕೇಳಿತು. ಅಲ್ಲೇ ಬಿಗಿಯಲು ಕೈ ಹೋಗುತ್ತದೆ, ಆದರೆ ನಾನು ತಡೆದು ಎದುರಿನ ಲಗ್ ಹತ್ತಿರ ತಟ್ಟಿದೆ. ಅದೂ ಇಳಿದೇ ಇತ್ತು. ಕೊರತೆಯಿದ್ದದ್ದು ಆ ಎದುರಿನ ರಾಡ್‌ನಲ್ಲಿ. ಅಲ್ಲಿ ಒಂದಿಷ್ಟು ತಿರುಗಿಸಿದ್ದೇ ತಡ, ಎರಡೂ ಕಡೆ ಒಂದೇ ಸ್ವರಕ್ಕೆ ಬಂದವು. ಹೆಚ್ಚು ಏರಿಸಿದ್ದನ್ನು ಇಳಿಸಿ ಅಲ್ಲೇ ನಿಲ್ಲಿಸಲಿಲ್ಲ. ಬೇಕಾದ್ದಕ್ಕಿಂತ ಕೆಳಗಿಳಿಸಿ ಮತ್ತೆ ಏರಿಸಿಯೇ ನಿಲ್ಲಿಸಿದೆ. ಇಲ್ಲದಿದ್ದರೆ ಬಾರಿಸುತ್ತ ಬಾರಿಸುತ್ತ ರಾಡ್ ತಾನೇ ಜಾರುತ್ತದೆ.

ಮೇಲಿನದನ್ನು ಕೆಳಗಿನದಕ್ಕಿಂತ ಕಡಿಮೆ ಬಿಗಿಯಲ್ಲಿಟ್ಟೆ. ಕೊನೆಗೆ 20 ಎಳೆಯ ವೈರ್. ಎರಡೂ ತುದಿ ಅಂಚಿನಿಂದ ಸಮದೂರದಲ್ಲಿರುವಂತೆ ಕೂರಿಸಿ, ಥ್ರೋ-ಆಫ್ ತಿರುಪನ್ನು ಪೂರ್ತಿ ಸಡಿಲದಿಂದ ನಿಧಾನವಾಗಿ ಏರಿಸಿದೆ. ಮೊದಲು ಬರಿ ಗರಗರ, ಆಮೇಲೆ ಆ ಗರಗರ ಒಂದೆಡೆ ಕೂಡಿ ಹಪ್ಪಳ ಮುರಿದಂಥ ಗರಿಗರಿ ಸದ್ದಾಯಿತು. ಅಲ್ಲಿಗೆ ನಿಲ್ಲಿಸಿದೆ.

ಕಡ್ಡಿ ಬದಿಗಿಟ್ಟು ತೋರುಬೆರಳಿನ ಉಗುರಿನಿಂದ ಹೆಡ್ಡಿನ ಅಂಚಿನ ಹತ್ತಿರ, ರಿಮ್‌ಗೆ ಒಂದಿಂಚು ದೂರದಲ್ಲಿ, ತೀರಾ ಮೆಲ್ಲಗೆ ಮೀಟಿದೆ. ವೈರ್ ಉತ್ತರ ಕೊಟ್ಟಿತು. ನಡುವೆ ಹೊಡೆದರೆ ಚಿಕ್ಕದಾದ, ಒಣ, ಸ್ಪಷ್ಟ ಪೆಟ್ಟು, ಹಿಂದೆ ಸಣ್ಣ ಗುಂಗು. ಆ ಗುಂಗನ್ನು ಅಡಗಿಸಲು ಜೆಲ್ ತುಂಡು ಅಂಟಿಸಲೇ ಎಂದು ಕೈಗೆತ್ತಿಕೊಂಡು, ಹಾಗೇ ಡಬ್ಬಿಗೆ ಹಾಕಿದೆ. ಬೇಸ್, ಗಿಟಾರ್ ಸೇರಿದರೆ ಅದು ಅವುಗಳ ಜೊತೆ ಬೆರೆತುಹೋಗುತ್ತದೆ. ಕತ್ತಲಾಗುವವರೆಗೆ ಗೋಸ್ಟ್ ನೋಟ್‌ಗಳನ್ನೇ ನುಡಿಸುತ್ತ ಕೂತಿದ್ದೆ.